ಬಚ್ಚಲ ಬದಿಯ ಸಾಲು

ಇನ್ನಂಜೆಯ ಆ ಹಿತ್ತಲಿನಲ್ಲಿ ಮೂವತ್ತಾರು ಮಲ್ಲಿಗೆ ಗಿಡಗಳಿದ್ದವು. ಒಂಬತ್ತರಂತೆ ನಾಲ್ಕು ಸಾಲು: ಎರಡು ಸಾಲು ಗೇಟಿನ ಕಡೆಗೆ, ಎರಡು ಸಾಲು ಬಚ್ಚಲಿನ ಕಡೆಗೆ. ಪ್ರತಿ ಗಿಡಕ್ಕೂ ನಾನು ತಗಡಿನ ಬಿಲ್ಲೆ ಕಟ್ಟಿದ್ದೆ. ಮೊಳೆಯ ತುದಿಯಿಂದ ಸಂಖ್ಯೆ ಕೊರೆದಿದ್ದೆ. ಗೇಟಿನ ಬದಿ ಒಂದರಿಂದ ಹದಿನೆಂಟು, ಬಚ್ಚಲ ಬದಿ ಹತ್ತೊಂಬತ್ತರಿಂದ ಮೂವತ್ತಾರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ವರ್ಷದ ಮಳೆಗಾಲದಲ್ಲಿ ಆ ಗಿಡಗಳಿಗೆ ಏನಾಯಿತು, ನಾನು ಏನು ಮಾಡಿದೆ ಎಂಬುದನ್ನು ಆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನು ಘಟ್ಟದ ಮೇಲಿನವನು. ಉಡುಪಿಯ ಹೊರಗಿದ್ದ ಒಂದು ಸಣ್ಣ ಕೃಷಿ ಕೇಂದ್ರದಲ್ಲಿ ಸಹಾಯಕನಾಗಿದ್ದೆ. ಸೋಮವಾರ ಮತ್ತು ಗುರುವಾರ ಕಾಪು ಕಡೆಯ ಹಳ್ಳಿಗಳಿಗೆ ಹೋಗಿ ಮಲ್ಲಿಗೆ ಬೆಳೆಯುವ ಮನೆಗಳನ್ನು ನೋಡಿ ಬರುವುದು ನನ್ನ ಕೆಲಸ. ಅಲ್ಲಿ ಮಲ್ಲಿಗೆ ಎಂದರೆ ಹೊಲವಲ್ಲ, ಹಿತ್ತಲು. ಕತ್ತಲೆ ಹರಿಯುವ ಹೊತ್ತಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ಬಿಸಿಲೇರುವ ಮೊದಲು ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಎಲ್ಲ ಮನೆಗಳಲ್ಲೂ ಇರುವುದು ಒಂದೇ ಗಿಡ ಎಂದರೂ ತಪ್ಪಿಲ್ಲ. ಒಂದರ ಗೆಲ್ಲು, ಅಂದರೆ ರೆಂಬೆ, ಊರಿ ಇನ್ನೊಂದು, ಅದರ ಗೆಲ್ಲು ಊರಿ ಮತ್ತೊಂದು. ಒಂದಕ್ಕೆ ತಾಗುವ ರೋಗ ಎಲ್ಲಕ್ಕೂ ತಾಗುತ್ತದೆ.

ನಾನು ಹೇಳುತ್ತಿರುವ ಮನೆಯಲ್ಲಿ ಇಬ್ಬರೇ ಹೆಂಗಸರು. ಸೊಸೆಗೆ ನಲವತ್ತರ ಆಸುಪಾಸು. ಅವರ ಗಂಡ ಮುಂಬಯಿಯ ಒಂದು ಕ್ಯಾಂಟೀನಿನಲ್ಲಿ ಅಡುಗೆಯವರು, ವರ್ಷಕ್ಕೊಮ್ಮೆ ಬರುತ್ತಿದ್ದರು. ನಾನು ಸೊಸೆಯನ್ನು ಅಕ್ಕ ಎನ್ನುತ್ತಿದ್ದೆ, ಅತ್ತೆಯನ್ನು ಅಮ್ಮ ಎನ್ನುತ್ತಿದ್ದೆ. ಅವರಿಬ್ಬರ ನಡುವೆ ತುಳು. ನನಗೆ ತುಳು ಬಾರದೆಂದು ನನ್ನೊಡನೆ ಕನ್ನಡ. ಅತ್ತೆಯ ಕನ್ನಡ ಆಟ ನೋಡಿ ಕಲಿತದ್ದು. ಶಾಲೆಯ ಮುಖ ನೋಡದ ಆಕೆ ಯಕ್ಷಗಾನದ ವೇಷದವರ ಹಾಗೆ ಮಾತಾಡುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಆದರೂ ಮೊಗ್ಗು ಕಟ್ಟುವಾಗ ಬೆರಳುಗಳಿಗೆ ಕಣ್ಣಿನ ಅಗತ್ಯ ಬೀಳುತ್ತಿರಲಿಲ್ಲ. ಎಂಟುನೂರು ಮೊಗ್ಗಿನ ಒಂದು ಚೆಂಡನ್ನು ಸೊಸೆ ಮುಗಿಸುವ ಹೊತ್ತಿಗೆ ಅತ್ತೆ ಎರಡನೆಯದರ ಅರ್ಧಕ್ಕೆ ಬಂದಿರುತ್ತಿದ್ದರು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಸೋಮವಾರ ನಾನು ಹೋದಾಗ ಅಂಗಳವೆಲ್ಲ ಹೊಗೆ. ಅತ್ತೆ ಸುಡುಮಣ್ಣು ಮಾಡುತ್ತಿದ್ದರು. ತರಗೆಲೆ, ತೆಂಗಿನ ಸಿಪ್ಪೆ, ಒಣ ಸೆಗಣಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ಉರಿಯಲು ಬಿಡುತ್ತಾರೆ. ನಾಲ್ಕೈದು ದಿನ ಹೊಗೆಯಾಡಿ ಮಣ್ಣು ಇಟ್ಟಿಗೆಯ ಬಣ್ಣಕ್ಕೆ ಬಂದಾಗ ತಣಿಸಿ ಗಿಡದ ಬುಡಕ್ಕೆ ಹಾಕುತ್ತಾರೆ. ಆ ಪದ್ಧತಿಯನ್ನು ಬಿಡಿಸುವುದೇ ಆ ವರ್ಷ ನಮ್ಮ ಕೇಂದ್ರದ ಕೆಲಸವಾಗಿತ್ತು. ಸುಟ್ಟರೆ ಮಣ್ಣಿನ ಸಾರ ಹೋಗುತ್ತದೆ ಎಂದು ನಾವು ಓದಿದ್ದೆವು. ಸುಡುವ ಬದಲು ಏನು ಹಾಕಬೇಕು ಎಂಬುದನ್ನು ಸೂಚಿಸಿದವನು ನಾನು.

ಮನೆಯ ಹಿಂದಿನ ಗುಡ್ಡದಲ್ಲಿ ಕಮ್ಯುನಿಸ್ಟ್ ಗಿಡ ಎಂದು ಜನ ಕರೆಯುವ ಕಳೆ ಆಳೆತ್ತರ ಬೆಳೆದಿತ್ತು. ಹೊರದೇಶದಿಂದ ಬಂದದ್ದು. ಕಾರ್ಕಳದ ಕಡೆಯ ಗುಡ್ಡಗಳನ್ನು ಆಗಲೇ ಮುಚ್ಚಿ ಮುಗಿಸಿತ್ತು. ದನ ಮೂಸುವುದಿಲ್ಲ. ಗುಡ್ಡದ ಮೂಲ ಗಿಡಗಳಲ್ಲಿ ಕೇಪಳದ ಎಲೆಗೆ ತೂತು ಇರುತ್ತದೆ, ನೆಕ್ಕರಿಕದ ಎಲೆಗೆ ಮಚ್ಚೆ ಇರುತ್ತದೆ, ಕುಂಟಲದ ಚಿಗುರನ್ನು ಹುಳ ಸುತ್ತಿರುತ್ತದೆ. ಇದರ ಎಲೆ ಮಾತ್ರ ಆಗ ತಾನೆ ಕತ್ತರಿಸಿಟ್ಟಂತೆ ಇಡಿಯಾಗಿರುತ್ತಿತ್ತು. ಅದರ ನೆರಳಿನ ಮಣ್ಣು ಕಪ್ಪಗೆ, ಸಡಿಲವಾಗಿ, ಕೈಗೆ ಮೃದುವಾಗಿತ್ತು. ಇಷ್ಟು ಸೊಪ್ಪು, ಇಷ್ಟು ಒಳ್ಳೆಯ ಮಣ್ಣು ದಂಡವಾಗುತ್ತಿದೆಯಲ್ಲ ಎನಿಸಿತು. ಕಳೆಯನ್ನು ಸವರಿ ಸೊಪ್ಪನ್ನು ಬುಡಕ್ಕೆ ಮುಚ್ಚುವುದು, ಅದರಡಿಯ ಮಣ್ಣನ್ನು ಗಿಡಕ್ಕೆ ಏರಿಸುವುದು. ಗುಡ್ಡವೂ ಹಸನಾಯಿತು, ಗಿಡಕ್ಕೂ ಗೊಬ್ಬರವಾಯಿತು. ನಮ್ಮ ಹಿರಿಯ ಅಧಿಕಾರಿಗೆ ಅದು ಬಹಳ ಹಿಡಿಸಿತು. ಕರಪತ್ರ ಅಚ್ಚಾಗಿ ಕಾಪು ಸುತ್ತಿನ ಹಳ್ಳಿಗಳಿಗೆಲ್ಲ ಹೋಗಿತ್ತು.

ಆ ಗುಡ್ಡದಲ್ಲಿ ಇನ್ನೊಂದನ್ನೂ ನಾನು ನೋಡಿದ್ದೆ. ಕಳೆಯ ಅಡಿಯಲ್ಲಿ ಕೇಪಳದ ಸಸಿಯಾಗಲಿ ಕುಂಟಲದ ಸಸಿಯಾಗಲಿ ಒಂದೂ ಇರಲಿಲ್ಲ. ಅದರದೇ ಮರಿಗಳು ಮಾತ್ರ ಒತ್ತಾಗಿ ಎದ್ದಿದ್ದವು. ಬಿಸಿಲು ಬೀಳುವುದಿಲ್ಲ, ಅದಕ್ಕೆ ಹೀಗೆ ಎಂದುಕೊಂಡೆ. ಅಲ್ಲಿಗೆ ಯೋಚನೆ ನಿಲ್ಲಿಸಿದೆ.

ಆ ಸೋಮವಾರ ಅತ್ತೆಗೆ ಕರಪತ್ರ ಓದಿ ಹೇಳಿದೆ. ಆಕೆ ಹೊಗೆಯ ನಡುವೆ ಕುಕ್ಕರಗಾಲಿನಲ್ಲಿ ಕೂತು ಕೇಳಿದರು.

"ಎಲೈ ಮಾಸ್ಟ್ರೇ, ಈ ಕಾಗದವು ಎಂದಾದರೂ ಮಣ್ಣನ್ನು ಮೂಸಿ ನೋಡಿದ್ದುಂಟೋ?"

ಸೊಸೆಗೆ ನಗು ಬಂತು. "ಮಾಮಿ, ಅವರು ಕಲಿತವರು. ನಿಮ್ಮ ಹೊಗೆಯಿಂದ ಒಣಗಲು ಹಾಕಿದ ಸೀರೆ ಎಲ್ಲ ವಾಸನೆ. ವರ್ಷ ವರ್ಷ ಇದೇ ಆಯಿತು."

"ಸೀರೆಯನ್ನು ತೊಳೆಯಬಹುದು ಮಗಾ."

"ಅಮ್ಮಾ, ಒಂದು ವರ್ಷ ನೋಡಿ," ಎಂದೆ. "ಹೂವು ಕಡಿಮೆಯಾದರೆ ನನ್ನನ್ನು ಕೇಳಿ."

"ಕೇಳುವೆನು," ಎಂದರು. ಅಷ್ಟೇ. ಆ ವರ್ಷದ ಸುಡುಮಣ್ಣು ತೆಂಗಿನ ಬುಡಕ್ಕೆ ಹೋಯಿತು. ಮಲ್ಲಿಗೆಗೆ ಗುಡ್ಡದ ಕಪ್ಪು ಮಣ್ಣು, ಮೇಲೆ ಹಸಿ ಸೊಪ್ಪು. ಮೂವತ್ತಾರು ಗಿಡಕ್ಕೂ ನಾನೇ ನಿಂತು ಹಾಕಿಸಿದೆ.

ಬೇಸಗೆಯಲ್ಲಿ ಹೂವು ಚೆನ್ನಾಗಿಯೇ ಬಂತು. ಮೇ ಕೊನೆಯ ತನಕ ಸೊಸೆ ನನ್ನನ್ನು ಕಂಡಾಗಲೆಲ್ಲ ಎರಡು ಮೊಳ ಹೂವು ಕಟ್ಟಿ ಕೊಡುತ್ತಿದ್ದರು. "ನಿಮ್ಮ ಮನೆದೇವರಿಗೆ ಸರ್" ಎನ್ನುತ್ತಿದ್ದರು. ನಾನು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಹೂವನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದೆ.

ಮಳೆ ಹಿಡಿದು ಎರಡು ವಾರಕ್ಕೆ ಏಳನೇ ಗಿಡ ಸೊರಗಿತು. ಬೆಳಗ್ಗೆ ಹಸಿರಾಗಿದ್ದ ಎಲೆ ಮಧ್ಯಾಹ್ನಕ್ಕೆ ಜೋತು ಬಿತ್ತು. ಸುತ್ತಲೂ ನೀರಿದ್ದರೂ ಬಾಯಾರಿದಂತೆ ಕಾಣುತ್ತಿತ್ತು. ಗುರುವಾರ ನಾನು ಹೋದಾಗ ಸೊಸೆ ನನ್ನನ್ನು ಕೈಹಿಡಿದು ಎಳೆಯುವುದೊಂದು ಬಾಕಿ, ಹಾಗೆ ಹಿತ್ತಲಿಗೆ ಕರೆದುಕೊಂಡು ಹೋದರು.

"ನೋಡಿ ಸರ್, ಬುಡ ಬೆಂದು ಹೋಗಿದೆ."

ಬೆಂದಂತೆಯೇ ಇತ್ತು. ಮಣ್ಣಿನ ಮಟ್ಟದಲ್ಲಿ ತೊಗಟೆ ಕಂದಾಗಿ, ಬೆರಳು ತಾಗಿಸಿದರೆ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಜಾರಿ ಬಂತು. ನಾನು ಸೊಪ್ಪನ್ನು ಸರಿಸಿ ನೋಡಿದೆ. ತೊಗಟೆಯ ಮೇಲೆ ಬಿಳಿಯ ಎಳೆಗಳು, ಬೀಸಣಿಗೆಯಂತೆ ಹರಡಿದ್ದವು. ಅವುಗಳ ನಡುವೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು. ಬುಡಕೊಳೆ ರೋಗದ ಶಿಲೀಂಧ್ರ. ಪುಸ್ತಕದಲ್ಲಿ ನೋಡಿದ್ದೆ. ಆ ಗುಂಡುಗಳೇ ಅದರ ಬೀಜವಿದ್ದಂತೆ, ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತವೆ.

ಅದನ್ನು ನಾನು ಅಕ್ಕನಿಗೆ ಹೇಳಿದೆ. ಆದರೆ ಅವರ ಮನಸ್ಸು ಬೇರೆ ಕಡೆ ಹೊರಳಿತ್ತು. ಅವರ ಮನೆಯಲ್ಲಿ ಭತ್ತ ಬೇಯಿಸುವವರು ಅತ್ತೆ. ಬಚ್ಚಲ ಹಂಡೆಗೆ ಬೆಂಕಿ ಹಾಕುವವರೂ ಅತ್ತೆ. ಕುಚ್ಚಲಕ್ಕಿಯ ಭತ್ತ ಬೆಂದ ಕುದಿನೀರನ್ನು ಎಲ್ಲಿ ಚೆಲ್ಲುತ್ತಾರೆಂದು ಆಕೆಯನ್ನು ಯಾರೂ ಕೇಳಿರಲಿಲ್ಲ. ಗಿಡದ ಬುಡಕ್ಕೇ ಇರಬೇಕು ಎಂದು ಈಗ ಸೊಸೆಗೆ ಅನುಮಾನ.

"ರೋಗ ಇರಬಹುದು ಸರ್," ಎಂದು ಸೊಸೆ ದನಿ ತಗ್ಗಿಸಿದರು. "ಆದರೆ ಮಾಮಿಯ ಮಾತು ನಡೆಯಲಿಲ್ಲ ಅಲ್ವಾ? ಆ ಸಿಟ್ಟು ಉಂಟು."

"ಛೆ, ಹಾಗಲ್ಲ ಅಕ್ಕ," ಎಂದೆ. ಆ ದಿನ ಅಷ್ಟು ಹೇಳಿದ್ದು ನಿಜ.

ಮುಂದಿನ ಮೂರು ವಾರಗಳಲ್ಲಿ ಇನ್ನೂ ಏಳು ಹೋದವು. ಗೇಟಿನ ಬದಿ ಒಟ್ಟು ನಾಲ್ಕು, ಬಚ್ಚಲ ಬದಿ ನಾಲ್ಕು. ನಾನು ಗುಡ್ಡಕ್ಕೆ ಹೋಗಿ ಕಳೆಯ ಅಡಿಯ ತರಗೆಲೆಗಳನ್ನು ಕೆದಕಿದೆ. ಅಲ್ಲೂ ಅದೇ ಬಿಳಿ ಎಳೆ, ಅದೇ ಸಾಸಿವೆ. ಕಳೆ ಮಾತ್ರ ಏನೂ ಆಗದಂತೆ ನಿಂತಿತ್ತು. ರೋಗ ಬಂದದ್ದು ಇಲ್ಲಿಂದಲೇ ಎನಿಸಿತು. ಆದರೆ ಕಂಡದ್ದು ಸಾಕ್ಷಿಯಲ್ಲ. ಪರೀಕ್ಷೆ ಮಾಡಬೇಕು.

ಮಣ್ಣನ್ನು ಹಬೆಯಲ್ಲಿ ಬೇಯಿಸುವ ಯಂತ್ರ ನಮ್ಮ ಕೇಂದ್ರದಲ್ಲಿ ಇರಲಿಲ್ಲ. ಮಣಿಪಾಲದಲ್ಲಿ ಪರಿಚಯದವನೊಬ್ಬ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಭಾನುವಾರ ಎರಡು ಗೋಣಿ ಮಣ್ಣು ಹೊತ್ತು ಬಸ್ಸಿಳಿದ ನನ್ನನ್ನು ನೋಡಿ ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಮಣ್ಣು ಬೇಯಿಸುದಾ ಮಾರಾಯ? ಒಗ್ಗರಣೆಗೆ ಎಂತ ಹಾಕುದು?"

"ಸಾಸಿವೆ ಅದರಲ್ಲೇ ಉಂಟು," ಎಂದೆ. ಅವನು ನಕ್ಕ. ನಾನೂ ನಕ್ಕೆ.

ಮೂರು ಬಗೆಯ ಕುಂಡಗಳನ್ನು ಮಾಡಿದೆ. ಒಂದರಲ್ಲಿ ಕಳೆಯ ಅಡಿಯ ಮಣ್ಣು, ಇದ್ದ ಹಾಗೆ. ಎರಡನೆಯದರಲ್ಲಿ ಅದೇ ಮಣ್ಣು, ಹಬೆಯಲ್ಲಿ ಬೇಯಿಸಿದ್ದು. ಮೂರನೆಯದರಲ್ಲಿ ಅದೇ ಗುಡ್ಡದ ಮೇಲ್ತುದಿಯ ಮಣ್ಣು, ಕಳೆ ಇನ್ನೂ ತಲುಪಿರದ ಜಾಗದ್ದು. ಪ್ರತಿ ಬಗೆಯಲ್ಲೂ ಬೇರು ಬಿಟ್ಟ ಮಲ್ಲಿಗೆ ಗೆಲ್ಲು, ಕೇಪಳದ ಸಸಿ, ಕಳೆಯ ಮರಿ. ಒಂದೇ ನೆರಳು, ಒಂದೇ ಅಳತೆಯ ನೀರು. ಕುಂಡದಿಂದ ಕುಂಡಕ್ಕೆ ಹೋಗುವಾಗ ಕೈ ತೊಳೆಯುತ್ತಿದ್ದೆ.

ಮೂರು ವಾರ ಕಳೆಯಿತು. ತುಳುನಾಡಿನ ಆಟಿ ತಿಂಗಳು, ಅಂದರೆ ಆಷಾಢದ ಹೊತ್ತು, ಬಂದಿತ್ತು. ಇದ್ದ ಹಾಗೇ ಹಾಕಿದ ಕಳೆಯ ಮಣ್ಣಿನಲ್ಲಿ ಮಲ್ಲಿಗೆ ಸತ್ತಿತು, ಕೇಪಳ ಸತ್ತಿತು. ಬೇಯಿಸಿದ ಮಣ್ಣಿನಲ್ಲಿ ಎರಡೂ ಬದುಕಿದವು. ಕಳೆ ತಲುಪದ ಮಣ್ಣಿನಲ್ಲೂ ಬಹುಪಾಲು ಬದುಕಿದವು. ಕಳೆಯ ಮರಿ ಮಾತ್ರ ಎಲ್ಲ ಕುಂಡಗಳಲ್ಲೂ ಬದುಕಿತು. ನಾನು ಅರ್ಥ ಮಾಡಿಕೊಂಡದ್ದು ಇಷ್ಟು: ಆ ಶಿಲೀಂಧ್ರ ಹೊರದೇಶದ್ದಲ್ಲ, ಇಲ್ಲಿಯದೇ. ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಇದ್ದದ್ದು. ಕಳೆ ತನ್ನ ನೆರಳಿನಲ್ಲಿ, ತನ್ನ ತರಗೆಲೆಯಲ್ಲಿ ಅದನ್ನು ಸಾಕಿತ್ತು. ಅದರಿಂದ ಕಳೆಗೆ ತೊಂದರೆಯಿಲ್ಲ, ಪಕ್ಕದವರಿಗೆ ಸಾವು. ಗುಡ್ಡದ ಉಳಿದ ಗಿಡಗಳೆಲ್ಲ ಹೋಗಿ ಅದೊಂದೇ ಉಳಿದದ್ದು ಬಿಸಿಲಿನ ಕೊರತೆಯಿಂದ ಮಾತ್ರವಲ್ಲ. ಆ ಮಣ್ಣನ್ನು ಹೊರಿಸಿ ಮಲ್ಲಿಗೆಯ ಬುಡಕ್ಕೆ ಹಾಕಿಸಿದವನು ನಾನು. ಸಾಸಿವೆ ಕಾಳುಗಳನ್ನು ಕೊಲ್ಲುತ್ತಿದ್ದ ಬೆಂಕಿಯನ್ನು ಆರಿಸಿದವನೂ ನಾನು.

ಮರುದಿನ ಕುಂಡಗಳ ಲೆಕ್ಕ ಬರೆದಿಟ್ಟ ಪುಸ್ತಕ ಹಿಡಿದು ಹಿರಿಯ ಅಧಿಕಾರಿಯ ಮುಂದೆ ನಿಂತೆ. ಅವರು ಕೆಟ್ಟವರಲ್ಲ. ನಿಧಾನವಾಗಿ ಎರಡು ಸಲ ಓದಿದರು.

"ಒಳ್ಳೆಯ ಕೆಲಸ," ಎಂದರು. "ಆದರೆ ಕುಂಡದಲ್ಲಿ ಆದದ್ದು ಕುಂಡಕ್ಕೆ. ಇಷ್ಟರ ಮೇಲೆ ಕರಪತ್ರ ಹಿಂತೆಗೆಯಿರಿ ಎಂದರೆ ಮೇಲಿನವರು ನಮ್ಮನ್ನು ನೋಡಿ ನಗುತ್ತಾರೆ. ಆ ಹಿತ್ತಲಿನಲ್ಲಿ ಎಷ್ಟು ಉಳಿದಿವೆ?"

"ಇಪ್ಪತ್ತೆಂಟು ಸರ್. ಎರಡೂ ಬದಿ ಹದಿನಾಲ್ಕು."

"ಸರಿಸಮ! ಅರ್ಧಕ್ಕೆ ಮಣ್ಣು ತೆಗೆದು ಸುಟ್ಟ ಮಣ್ಣು ಹಾಕಿ. ಅರ್ಧವನ್ನು ಹಾಗೇ ಬಿಡಿ. ಎಂಟು ವಾರ."

"ಬಿಟ್ಟವು ಸಾಯುತ್ತವೆ ಸರ್."

"ಸತ್ತರೆ ತಾನೇ ನೀವು ಹೇಳುವುದು ನಿಜವಾಗುವುದು?" ಅವರು ಕನ್ನಡಕ ತೆಗೆದರು. "ನೋಡಿ, ಕರಪತ್ರ ಎಷ್ಟು ಮನೆಗಳಿಗೆ ಹೋಗಿದೆ? ಈ ವರ್ಷ ಹಾಕಿದ್ದು ಇದೊಂದೇ ಮನೆ, ಬರುವ ಬೇಸಗೆಯಲ್ಲಿ ಅವರೆಲ್ಲ ಅದೇ ಮಣ್ಣು ಹಾಕುತ್ತಾರೆ. ಒಂದು ಮನೆಯ ಹದಿನಾಲ್ಕು ಗಿಡ ನೋಡುತ್ತೀರೋ, ಅವರನ್ನೆಲ್ಲ ನೋಡುತ್ತೀರೋ? ಮತ್ತೆ, ಆ ಮನೆಯವರಿಗೆ ಹೇಳಬೇಡಿ. ಹೇಳಿದರೆ ಅವರು ಎಲ್ಲಕ್ಕೂ ಸುಟ್ಟ ಮಣ್ಣು ಹಾಕುತ್ತಾರೆ, ಹೋಲಿಕೆ ಕೆಡುತ್ತದೆ."

ಒಪ್ಪಿದೆ. ಅವರು ಒತ್ತಾಯಿಸಿದರು ಎಂದು ಬರೆಯಲಾರೆ. ಅವರ ವಾದ ನನಗೆ ಸರಿ ಎನಿಸಿತು. ಇಂದಿಗೂ ಅದರಲ್ಲಿ ತಪ್ಪು ಇಂಥಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ನನಗೆ ಸುಲಭವಲ್ಲ.

ಕೇಂದ್ರದ ಕೊಟ್ಟಿಗೆಯೊಳಗೆ ಮಣ್ಣು ಸುಟ್ಟೆವು. ನಾಲ್ಕನೇ ದಿನ ಟೆಂಪೋದಲ್ಲಿ ಚೀಲಗಳನ್ನು ತಂದು ಇಳಿಸಿದೆ. ಯಾವ ಗಿಡಕ್ಕೆ ಹಾಕಬೇಕು, ಯಾವುದನ್ನು ಬಿಡಬೇಕು ಎಂದು ಚೀಟಿ ಎತ್ತಬೇಕಿತ್ತು. ಅದು ನಿಯಮ. ಮಳೆ ಸುರಿಯುತ್ತಿತ್ತು, ಚೀಲ ಭಾರ, ಹಿತ್ತಲ ತುಂಬ ಕೆಸರು. ಗೇಟಿನ ಹತ್ತಿರ ಇಳಿಸಿದ ಚೀಲವನ್ನು ಗೇಟಿನ ಬದಿಯ ಹದಿನಾಲ್ಕಕ್ಕೆ ಹಾಕಿದೆ. ಬಚ್ಚಲ ಬದಿಯನ್ನು ಬಿಟ್ಟೆ. ಚೀಟಿ ಎತ್ತಲಿಲ್ಲ. ಈ ಒಂದು ಸೋಮಾರಿತನವನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ.

"ಇದು ಎಂತ ಸರ್?" ಎಂದು ಸೊಸೆ ಕೇಳಿದರು.

"ಔಷಧ ಬೆರೆಸಿದ ಮಣ್ಣು. ಈಗ ಇಷ್ಟೇ ಸಿಕ್ಕಿದ್ದು. ಆ ಬದಿಗೆ ಆಮೇಲೆ."

ಅತ್ತೆ ಕೊಡೆ ಹಿಡಿದು ಜಗಲಿಯಿಂದ ಇಳಿದು ಬಂದರು. ಬಾಗಿ ಒಂದು ಹಿಡಿ ಎತ್ತಿಕೊಂಡರು. ಕಣ್ಣಿನ ಹತ್ತಿರ ಒಯ್ಯಲಿಲ್ಲ, ಮೂಗಿನ ಹತ್ತಿರ ಒಯ್ದರು. ಮತ್ತೊಮ್ಮೆ ಮೂಸಿದರು. ಮುಖ ಅರಳಿತು. ಆ ಮುಖವನ್ನು ನಾನು ಮರೆತಿಲ್ಲ. ಅದರಲ್ಲಿ ಗೆದ್ದ ಭಾವವಿರಲಿಲ್ಲ, ಬರೀ ಸಂತೋಷವಿತ್ತು.

"ಮಾಸ್ಟ್ರೇ, ಇದು ಸುಟ್ಟ ಮಣ್ಣಲ್ಲವೋ?"

ಸೊಸೆ ನನ್ನನ್ನು ನೋಡಿದರು. ಇಬ್ಬರೂ ನನ್ನನ್ನು ನೋಡುತ್ತಿದ್ದರು.

"ಅಲ್ಲಮ್ಮ," ಎಂದೆ. "ಔಷಧದ ವಾಸನೆ ಅದು."

ಸೊಸೆ ದೊಡ್ಡದಾಗಿ ನಕ್ಕರು. "ಕೇಳಿದಿರಾ ಮಾಮಿ? ನಿಮಗೆ ಲೋಕವೆಲ್ಲ ಸುಡುಮಣ್ಣೇ. ಕಣ್ಣು ಹೋಯಿತು, ಈಗ ಮೂಗೂ ಹೋಯಿತು."

ಅತ್ತೆ ಕೈಯ ಮಣ್ಣನ್ನು ಅಲ್ಲೇ ಬಿಡಲಿಲ್ಲ. ಮುಷ್ಟಿ ಕಟ್ಟಿಕೊಂಡೇ ಜಗಲಿ ಹತ್ತಿ ಒಳಗೆ ಹೋದರು.

ಆಮೇಲೆ ಆದದ್ದು ಕುಂಡದಲ್ಲಿ ಆದಂತೆಯೇ. ಗೇಟಿನ ಬದಿ ಹನ್ನೆರಡನೇ ಗಿಡ ಮೊದಲೇ ಸೋತಿತ್ತು, ಅದು ಹೋಯಿತು. ಉಳಿದವು ನಿಂತವು, ಚಿಗುರಿದವು. ಬಚ್ಚಲ ಬದಿ ಇಪ್ಪತ್ತೆರಡು ಹೋಯಿತು, ಇಪ್ಪತ್ತಮೂರು ಹೋಯಿತು, ಮೂವತ್ತು ಹೋಯಿತು. ಸತ್ತ ಗಿಡದ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಸಾಯುವುದನ್ನು ಗುರುತಿಸಲು ಐದು ಹಂತಗಳನ್ನು ಮಾಡಿಕೊಂಡಿದ್ದೆ: ಮೇಲೆಲೆ ಬಾಡಿದ್ದು, ಎಲ್ಲ ಎಲೆ ಬಾಡಿದ್ದು, ಬುಡ ಕಂದಾದದ್ದು, ತೊಗಟೆ ಜಾರಿದ್ದು, ಒಣಗಿದ್ದು. ವಾರಕ್ಕೆರಡು ಸಲ ಪ್ರತಿ ಗಿಡದ ಮುಂದೆ ಕೂತು ಹಂತ ಬರೆಯುತ್ತಿದ್ದೆ. ಮೂರನೇ ಹಂತದಲ್ಲಿ ಮಣ್ಣು ಬದಲಿಸಿದ್ದರೂ ಕೆಲವು ಉಳಿಯುತ್ತಿದ್ದವು. ಅದೂ ನನಗೆ ಗೊತ್ತಿತ್ತು.

ಮೊದಲು ಸಾವು ಎರಡೂ ಬದಿ ಸಮನಾಗಿ ಇತ್ತು. ಈಗ ಬಚ್ಚಲ ಬದಿ ಮಾತ್ರ. ಸೊಸೆಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಈಗ ಎಂತ ಹೇಳುತ್ತೀರಿ ಸರ್?" ಎಂದರು. "ರೋಗ ಆದರೆ ಹಂಡೆಯ ಹತ್ತಿರ ಮಾತ್ರ ಬರುದಾ?"

ನಾನು ಬಗ್ಗಿ ಇಪ್ಪತ್ತಾರನೇ ಗಿಡದ ಬುಡ ನೋಡುತ್ತಿದ್ದೆ. "ನೋಡೋಣ ಅಕ್ಕ," ಎಂದೆ. ಛೆ, ಹಾಗಲ್ಲ ಎಂದು ಈ ಸಲ ಹೇಳಲಿಲ್ಲ.

ಅತ್ತೆಯ ಕೈಯಿಂದ ಭತ್ತದ ಕೊಪ್ಪರಿಗೆ ಹೋಯಿತು. ಹಂಡೆಗೆ ಸೊಸೆಯೇ ಬೆಂಕಿ ಹಾಕತೊಡಗಿದರು. ಆಮೇಲೆ ಮೊಗ್ಗು ಕಟ್ಟುವುದೂ ಹೋಯಿತು. ಮಳೆಗಾಲದ ನಾಲ್ಕು ಮೊಗ್ಗು, ಅದಕ್ಕೆ ಇಬ್ಬರು ಬೇಡ ಎಂಬ ನೆಪ. ಒಂದು ಗುರುವಾರ ನಾನು ಹೋದಾಗ ಅತ್ತೆ ಜಗಲಿಯ ಮೂಲೆಯಲ್ಲಿ ಬರಿಗೈಯಲ್ಲಿ ಕೂತು ಬಾಳೆನಾರನ್ನು ಸೀಳಿ ಸೀಳಿ ಗಂಟು ಹಾಕುತ್ತಿದ್ದರು. ಮೊಗ್ಗಿಲ್ಲದ ಗಂಟು. ನನ್ನ ಹೆಜ್ಜೆ ಕೇಳಿ ತಲೆಯೆತ್ತಿದರು.

"ಇಂದು ಎಷ್ಟು ಮಂದಿ ಮಡಿದರು ಮಾಸ್ಟ್ರೇ?"

"ಒಂದಮ್ಮ."

"ರಣರಂಗವೇ ಆಯಿತು," ಎಂದರು.

ಆಟಿ ಮುಗಿದು ಬರುವ ಸೋಣ ತಿಂಗಳಿಡೀ ಅಲ್ಲಿಯ ಮನೆಗಳಲ್ಲಿ ಹೆಂಗಸರು ದಿನವೂ ಹೊಸ್ತಿಲಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಆ ಮನೆಯಲ್ಲಿ ಅದು ಅತ್ತೆಯ ಕೆಲಸ. ಸೋಣ ಸಂಕ್ರಮಣದ ಮರುದಿನ ಗುರುವಾರ ಬಂದಿತ್ತು. ನಾನು ಬೆಳಗ್ಗೆ ಹೋದಾಗ ಹೊಸ್ತಿಲ ಮೇಲೆ ಹಿಂದಿನ ದಿನದ ರಂಗೋಲಿ ಮಾಸದೆ ಉಳಿದಿತ್ತು, ಆ ದಿನದ ಪೂಜೆ ಆಗಿರಲಿಲ್ಲ. ಸೊಸೆಯ ಕಣ್ಣು ಊದಿಕೊಂಡಿತ್ತು. ಅವರೇ ಹೇಳಿದರು, ಅಡಗಿಸಲಿಲ್ಲ.

"ನಾನು ಕೇಳಿಯೇ ಬಿಟ್ಟೆ ಸರ್. ಗಿಡವನ್ನು ಬೇಯಿಸಿ ಕೊಂದು ಯಾವ ಹೂವನ್ನು ಹೊಸ್ತಿಲಿಗೆ ಇಡುತ್ತೀರಿ ಮಾಮಿ, ಅಂತ. ಅವರು ಒಂದು ಮಾತು ಆಡಲಿಲ್ಲ. ಆಡಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಮಾತಾಡದವರಲ್ಲಿ ತಪ್ಪು ಉಂಟು ಅಂತ ಅಲ್ವಾ ಅರ್ಥ?"

ಆಗ ಅತ್ತೆ ಒಳಗಿನಿಂದ ಬಂದರು. ತೊಳೆದ ಸೀರೆ, ಕೈಯಲ್ಲಿ ಬಟ್ಟೆಯ ಗಂಟು. ಮಗಳ ಮನೆ ಎರ್ಮಾಳಿನಲ್ಲಿ, ಅಲ್ಲಿಗೆ ಹೊರಟಿದ್ದರು. ಹೊಸ್ತಿಲನ್ನು ಕಾಲಿನಲ್ಲಿ ಮುಟ್ಟದಂತೆ ಎತ್ತರಕ್ಕೆ ಹೆಜ್ಜೆಯಿಟ್ಟು ದಾಟಿದರು. ಅಂಗಳದಲ್ಲಿ ನನ್ನ ಹತ್ತಿರ ನಿಂತರು. ನಾನು ಪುಸ್ತಕ ಬಿಚ್ಚಿಕೊಂಡಿದ್ದೆ.

"ಎಣಿಸಿ ಮುಗಿಯಿತೋ?"

"ಆಗುತ್ತಾ ಉಂಟಮ್ಮ."

ಆಕೆ ಸ್ವಲ್ಪ ಹೊತ್ತು ಕಾದರು. ನನ್ನಿಂದ ಬೇರೆ ಏನಾದರೂ ಬರುತ್ತದೆಯೋ ಎಂದು ಕಾದರು ಎಂದು ಈಗ ಅನಿಸುತ್ತದೆ. ಆಗ ನನಗೆ ಅನಿಸಿದ್ದು ಒಂದೇ: ಎಂಟು ವಾರದಲ್ಲಿ ಇನ್ನೂ ಐದು ವಾರಕ್ಕೂ ಹೆಚ್ಚು ಬಾಕಿ ಇದೆ. ಆಕೆ ಗೇಟು ದಾಟಿ, ಕೊಡೆಯ ತುದಿಯಿಂದ ದಾರಿಯನ್ನು ತಡವುತ್ತಾ ಬಸ್ಸಿನ ಕಡೆಗೆ ಹೋದರು. ನಾನು ಮುಂದಿನ ಗಿಡಕ್ಕೆ ಹೋದೆ.

ಎಂಟು ವಾರ ಮುಗಿಯಿತು. ಬಚ್ಚಲ ಬದಿಯ ಹದಿನಾಲ್ಕರಲ್ಲಿ ಹನ್ನೊಂದು ಸತ್ತವು. ಗೇಟಿನ ಬದಿ ಒಂದು. ವರದಿ ಬರೆದೆ. ಕರಪತ್ರ ಹಿಂತೆಗೆಯಲಾಯಿತು. ಕಳೆಯ ಅಡಿಯ ಮಣ್ಣನ್ನು ಮಲ್ಲಿಗೆಗೆ ಹಾಕಬಾರದು, ಮಣ್ಣನ್ನು ಸುಟ್ಟು ಹಾಕುವುದು ಒಳ್ಳೆಯದು ಎಂಬ ಹೊಸ ಕರಪತ್ರ ಬಂತು. ಮೊದಲನೆಯದನ್ನು ನಾವೇ ಹಂಚಿದ್ದೆವು ಎಂಬ ಮಾತು ಅದರಲ್ಲಿ ಇರಲಿಲ್ಲ. ಹಿರಿಯರು ನನ್ನ ಬೆನ್ನು ತಟ್ಟಿದರು. ಅನೇಕ ಹಿತ್ತಲುಗಳು ಉಳಿದವು, ಅದು ನಿಜ.

ಹೊಸ ಕರಪತ್ರ ಹಿಡಿದು ಇನ್ನಂಜೆಗೆ ಹೋದೆ. ಅಕ್ಕ ಉಳಿದ ಹದಿನಾರು ಗಿಡಗಳ ನಡುವೆ ಹುಲ್ಲು ಕೀಳುತ್ತಿದ್ದರು. ಎಲ್ಲವನ್ನೂ ಹೇಳಿದೆ. ಗುಡ್ಡದ ಮಣ್ಣು, ಕುಂಡಗಳು, ಚೀಲದಲ್ಲಿ ತಂದದ್ದು ಸುಟ್ಟ ಮಣ್ಣೇ ಎಂಬುದು, ಬಚ್ಚಲ ಬದಿಯನ್ನು ಬೇಕೆಂದೇ ಬಿಟ್ಟದ್ದು. ನಿಂತುಕೊಂಡೇ ಹೇಳಿದೆ. ಅವರು ಕೂತೇ ಕೇಳಿದರು. ಕಿತ್ತ ಹುಲ್ಲು ಕೈಯಲ್ಲೇ ಇತ್ತು. ನನ್ನ ಮೇಲೆ ಕೂಗಾಡುತ್ತಾರೆ ಎಂದುಕೊಂಡಿದ್ದೆ, ಅದಕ್ಕೆ ಸಿದ್ಧನಾಗಿಯೇ ಬಂದಿದ್ದೆ.

"ಹಾಗಾದರೆ ಮಾಮಿ?" ಎಂದರು.

ನಾನು ಕೈಯಲ್ಲಿದ್ದ ಕರಪತ್ರವನ್ನು ಮಡಚಿದೆ.

"ನಾನು ಏನೆಲ್ಲ ಹೇಳಿದೆ ಸರ್. ನಿಮ್ಮ ಎದುರೇ ಹೇಳಿದೆ. ನೀವು ಇಲ್ಲೇ ಇದ್ದಿರಿ."

"ಹೌದು."

"ನನ್ನಿಂದ ಎರ್ಮಾಳಿಗೆ ಹೋಗಲಿಕ್ಕೆ ಆಗುದಿಲ್ಲ," ಎಂದರು. "ಯಾವ ಮುಖ ಇಟ್ಟುಕೊಂಡು ಹೋಗುದು? ನೀವು ಹೋಗಿ ಹೇಳಿ. ಹೇಳಿದ ಮೇಲೆ ಇಲ್ಲಿಗೆ ಬರಬೇಡಿ."

ಅದೇ ಮಧ್ಯಾಹ್ನ ಎರ್ಮಾಳಿಗೆ ಹೋದೆ. ಮಗಳ ಮನೆ ಹೆದ್ದಾರಿಯಿಂದ ಕಡಲ ಕಡೆಗೆ, ಬರೀ ಮರಳು, ಹೊಯಿಗೆಯ ಜಾಗ. ಅಂಗಳದಲ್ಲಿ ತೆಂಗು ಬಿಟ್ಟರೆ ಬೇರೆ ಗಿಡವಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಹಿಡಿಸೂಡಿ ಪೊರಕೆಗೆಂದು ತೆಂಗಿನ ಗರಿಯಿಂದ ಕಡ್ಡಿ ಬಿಡಿಸುತ್ತಿದ್ದರು. ಕತ್ತಿ ಬೆರಳ ಪಕ್ಕದಲ್ಲೇ ಸರ್ರನೆ ಹೋಗುತ್ತಿತ್ತು. ನಾನು ಯಾರೆಂದು ಹೇಳುವ ಮೊದಲೇ ಗುರುತಿಸಿದರು.

"ಬನ್ನಿರಿ ಮಾಸ್ಟ್ರೇ. ಇಲ್ಲಿ ಎಣಿಸಲು ಏನೂ ಇಲ್ಲ."

"ಅಮ್ಮಾ, ಗಿಡ ಸತ್ತದ್ದು ನಿಮ್ಮಿಂದಲ್ಲ."

"ಅದನ್ನು ನಾನು ಬಲ್ಲೆನು. ನನಗೆ ತಿಳಿಸುವುದಕ್ಕೆ ಬಸ್ಸನ್ನು ಹತ್ತಬೇಕಾಯಿತೋ?"

"ನಿಮ್ಮ ಸೊಸೆಗೂ ಹೇಳಿದ್ದೇನೆ. ನೀವು ಮೂಸಿ ಹೇಳಿದ್ದು ಸರಿ. ಅದು ಸುಟ್ಟ ಮಣ್ಣೇ."

ಕತ್ತಿ ನಿಂತಿತು. ಆಕೆ ನನ್ನ ಕಡೆಗೆ ಮುಖ ತಿರುಗಿಸಿದರು. ಪೊರೆ ಬಂದ ಕಣ್ಣು ನನ್ನ ಮುಖದ ಮೇಲೆ ಅಲ್ಲ, ಸ್ವಲ್ಪ ಪಕ್ಕದಲ್ಲಿ ನಿಂತಿತ್ತು.

"ಏಪ?" ಎಂದರು.

ಅಷ್ಟು ತುಳು ನನಗೆ ಬರುತ್ತಿತ್ತು. ಯಾವಾಗ, ಎಂದು. ಆಟದ ಕನ್ನಡ ಬಿಟ್ಟು ಆಕೆ ನನ್ನೊಡನೆ ತಮ್ಮ ಸ್ವಂತ ಭಾಷೆಯಲ್ಲಿ ಆಡಿದ್ದು ಆ ಒಂದೇ ಮಾತು. ನಿಮಗೆ ತಿಳಿದದ್ದು ಯಾವಾಗ ಎಂದು ಕೇಳುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಇತ್ತೀಚೆಗೆ ಎನ್ನಬಹುದಿತ್ತು. ವರದಿ ಮುಗಿದ ಮೇಲೆ ಎನ್ನಬಹುದಿತ್ತು. ಆಕೆಗೆ ಪರೀಕ್ಷಿಸುವ ದಾರಿ ಇರಲಿಲ್ಲ.

"ಆಟಿ ತಿಂಗಳಿನಲ್ಲಿ," ಎಂದೆ. "ನೀವು ಮನೆ ಬಿಡುವುದಕ್ಕೆ ಇಪ್ಪತ್ತೆರಡು ದಿನ ಮೊದಲು."

"ಇಪ್ಪತ್ತೆರಡು," ಎಂದರು.

ಒಳಗಿದ್ದ ಮಗಳನ್ನು ಕರೆದು ತುಳುವಿನಲ್ಲಿ ಏನೋ ಹೇಳಿದರು. ಮಗಳು ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಇಟ್ಟರು. ಗುರುತಿಲ್ಲದವರು ಮನೆಗೆ ಬಂದರೆ ಮೊದಲು ಕೊಡುವುದು ಅದನ್ನೇ. ನಾನು ಬೆಲ್ಲ ತಿಂದು ನೀರು ಕುಡಿದೆ. ಅತ್ತೆ ಕಡ್ಡಿಗಳನ್ನು ಒಟ್ಟುಗೂಡಿಸಿ, ಬುಡ ಸಮ ಮಾಡಲು ನೆಲಕ್ಕೆ ಎರಡು ಸಲ ತಟ್ಟಿ, ಹಗ್ಗದಲ್ಲಿ ಬಿಗಿದು ಕಟ್ಟಿ, ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಇನ್ನಂಜೆಯ ಮನೆಗೂ ಆಕೆ ಮರಳಲಿಲ್ಲ ಎಂದು ಆಮೇಲೆ ಕೇಳಿ ತಿಳಿದೆ.

ಬಸ್ಸಿನಲ್ಲಿ ಪುಸ್ತಕ ತೆರೆದೆ. ಸೋಣ ಸಂಕ್ರಮಣದ ಮರುದಿನದ ಪುಟ ಹುಡುಕಿದೆ. ಆಕೆ ಗೇಟು ದಾಟಿ ಹೋದ ಹೊತ್ತಿನಲ್ಲಿ ಅಂಗಳದಲ್ಲಿ ನಿಂತು ಬರೆದದ್ದು. ಅಕ್ಷರ ನೆಟ್ಟಗಿತ್ತು.

"ಬಚ್ಚಲ ಬದಿ, 31: ಮೇಲೆಲೆ ಬಾಡಿದೆ, ಒಂದನೇ ಹಂತ. ಬೆಳಗ್ಗೆ ಮಳೆ ಇಲ್ಲ. ಉಳಿದದ್ದೆಲ್ಲ ಮೊದಲಿನಂತೆ."